ಟೈಲೋಸಿನ ಮುದುಕಿಯ ಹಣೆ

ಸಂಘದ ಕಾರ್ಯದರ್ಶಿಯವರ ಫೋನ್ ಬಂದಾಗ ನಾನು ಆಫೀಸಿನಲ್ಲಿದ್ದೆ. ಬರುವ ವರ್ಷದ ರಾಜ್ಯೋತ್ಸವಕ್ಕೆ ನಾಟಕ, ನೃತ್ಯದ ಜೊತೆಗೆ ಚಿತ್ರಗಳ ಪ್ರದರ್ಶನವೂ ಇದೆ, ಬಹ್ರೇನಿನಲ್ಲಿರುವ ನಮ್ಮ ಕಡೆಯವರು ಯಾರೆಲ್ಲ ಚಿತ್ರ ಬರೆಯುತ್ತಾರೋ ಅವರದ್ದೆಲ್ಲ ಹಾಲ್‌ನಲ್ಲಿ ತೂಗುಹಾಕುತ್ತೇವೆ ಎಂದರು. ನನಗೆ ನಿಜವಾಗಿಯೂ ಖುಷಿಯಾಯಿತು. ಇಷ್ಟು ವರ್ಷ ನನ್ನ ಚಿತ್ರಗಳನ್ನು ನೋಡಿದ್ದು ಮನೆಯವರು ಮತ್ತು ಎಸಿ ರಿಪೇರಿಗೆ ಬರುವವರು ಮಾತ್ರ. ಆಮೇಲೆ ಅವರು ವಿಷಯ ಹೇಳಿದರು.

“ನಮ್ಮ ನಾಡು, ನಮ್ಮ ಸಂಸ್ಕೃತಿ. ನಿಮಗೆ ಅದೆಲ್ಲ ಸುಲಭ ಅಲ್ವಾ ಅಕ್ಕಾ? ಒಂದು ಯಕ್ಷಗಾನದ ವೇಷ ಬರೀರಿ. ಇಲ್ಲದಿದ್ರೆ ಮೀನಿನ ಬುಟ್ಟಿ ಹೊತ್ತ ಹೆಂಗಸು. ಕಂಬಳ ಆದ್ರೂ ಆಗ್ತದೆ. ಒಟ್ಟು ನಮ್ಮದಾಗಿರ್ಬೇಕು.”

“ನಾನು ಬರೆದ್ರೆ ಅದು ನಮ್ಮದಾಗುದಿಲ್ವಾ?”

“ಅಯ್ಯೋ, ಹಾಗಲ್ಲ ಅಕ್ಕಾ. ನೋಡಿದ ಕೂಡ್ಲೇ ಗೊತ್ತಾಗ್ಬೇಕಲ್ಲ, ಇದು ನಮ್ಮದು ಅಂತ.”

ಮನುಷ್ಯ ಒಳ್ಳೆಯವರು. ಮನಾಮದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಊರಿನವರು ಯಾರಾದರೂ ಆಸ್ಪತ್ರೆ ಸೇರಿದರೆ ಹೆಂಡತಿ ಮಕ್ಕಳಿಗಿಂತ ಮೊದಲು ಅಲ್ಲಿ ಇರುವವರು ಇವರೇ. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಆದರೂ ನನಗೆ ಸಿಟ್ಟು ಬಂತು, ನೆತ್ತಿಗೇರಿತು ಎಂದೇ ಹೇಳಬೇಕು. ಮೂಲ್ಕಿಯ ಹತ್ತಿರ ಹುಟ್ಟಿದವಳು ವೇಷ ಬರೆಯಬೇಕು, ಮೀನು ಬರೆಯಬೇಕು. ನಮ್ಮ ಆಫೀಸಿನ ಇಂಗ್ಲಿಷ್ ಮ್ಯಾನೇಜರ್‌ಗೆ ನಾನು ಪೇಂಟಿಂಗ್ ಮಾಡುತ್ತೇನೆಂದು ಗೊತ್ತಾದ ದಿನ ಅವನು ಕೇಳಿದ ಮೊದಲ ಪ್ರಶ್ನೆ, “ಆನೆ ಬರೆಯುತ್ತೀಯಾ?” ಅವನಿಗೂ ನಮ್ಮ ಕಾರ್ಯದರ್ಶಿಗೂ ಏನು ವ್ಯತ್ಯಾಸ ಎಂದು ಆ ದಿನವಿಡೀ ಯೋಚಿಸಿದೆ. ಇಬ್ಬರೂ ನನಗೊಂದು ಜಾಗ ತೋರಿಸಿ ಅಲ್ಲೇ ಕೂತುಕೋ ಎನ್ನುವವರು.

ಆ ಹೊತ್ತಿಗೆ ನಾನು ಜುಫೈರ್‌ನಲ್ಲಿರುವ ಒಬ್ಬ ರಷ್ಯನ್ ಟೀಚರ ಬಳಿ ಚಿತ್ರಕಲೆ ಕಲಿಯತೊಡಗಿ ಕೆಲವು ವರ್ಷಗಳಾಗಿದ್ದವು. ಗಂಡನ ಕೆಲಸಕ್ಕಾಗಿ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದುಬಿಟ್ಟ ಹೆಂಗಸು. ಕೆಳಗೆ ಬರ್ಗರ್ ಅಂಗಡಿಗಳು, ಹಾರ್ನ್ ಹೊಡೆಯುವ ಟ್ಯಾಕ್ಸಿಗಳು. ಮೇಲೆ ಅವರ ಫ್ಲ್ಯಾಟು. ಅದರಲ್ಲೊಂದು ಕೋಣೆಯ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿಟ್ಟಿದ್ದರು. ಈ ದ್ವೀಪದಲ್ಲಿ ಧಾರಾಳವಾಗಿ ಸಿಗುವುದು ಬಿಸಿಲೊಂದೇ, ಅದನ್ನೂ ಹೊರಗೆ ನಿಲ್ಲಿಸಿ, ಎಡಗಡೆಗೆ ಒಂದು ದೀಪ ಇಟ್ಟು, ಸ್ಟೂಲಿನ ಮೇಲೆ ಗ್ರೀಕ್ ಹುಡುಗಿಯೊಬ್ಬಳ ಪ್ಲಾಸ್ಟರ್ ತಲೆ ಕೂರಿಸಿದ್ದರು. ಅವರು ಕಲಿತ ಊರಿನಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನವೇ ಕತ್ತಲಾಗುತ್ತದಂತೆ. ಅಲ್ಲಿನ ಅಕಾಡೆಮಿಯಲ್ಲಿ ಎಲ್ಲರೂ ದೀಪದ ಬೆಳಕಿನಲ್ಲೇ ತಲೆ ಬರೆದವರು. ಹಾಗಾಗಿ ಬಹ್ರೇನಿನಲ್ಲೂ ದೀಪವೇ.

ಮೊದಲ ವರ್ಷ ಪೂರ್ತಿ ನಾನು ಬರೆದದ್ದು ಆ ತಲೆಯೊಂದನ್ನೇ, ಅದೂ ಪೆನ್ಸಿಲ್‌ನಲ್ಲಿ. ಬಣ್ಣ ಕೇಳಿದರೆ ಟೀಚರ್ ಕಿವುಡಾಗುತ್ತಿದ್ದರು. ಆ ಹುಡುಗಿಯ ಮೂಗಿನ ತುದಿ ಮುರಿದಿತ್ತು. ನಮ್ಮ ಮನೆಯಲ್ಲಿ ನಲ್ಲಿ ಸೋರಿದರೂ ಬಕೆಟ್ ಒಡೆದರೂ ಎಂಸೀಲ್ ಹಚ್ಚುವವಳು ನಾನೇ. ಒಂದು ದಿನ ಒಳ್ಳೆಯ ಮನಸ್ಸಿನಿಂದಲೇ, ಮೂಗು ಸರಿ ಮಾಡಿಕೊಡುತ್ತೇನೆ ಟೀಚರ್ ಎಂದೆ. ಅವರು ಕೂಗಿದ ರೀತಿಗೆ ಪಕ್ಕದ ಫ್ಲ್ಯಾಟಿನವರು ಬಾಗಿಲು ತೆರೆದರು.

“ಅವಳ ಮೂಗು ಹೇಗಿದೆಯೋ ಹಾಗೆ ಬರೆ. ರಿಪೇರಿಗೆ ನಿನ್ನನ್ನು ಯಾರೂ ಕರೆದಿಲ್ಲ.”

ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ. ಅವರದ್ದು ಗಂಟು ಗಂಟಾದ ಇಂಗ್ಲಿಷ್, ಬೈಯುವುದಕ್ಕೆ ಮಾತ್ರ ಏನೂ ಕಡಿಮೆಯಾಗುತ್ತಿರಲಿಲ್ಲ.

ಪಾಠ ಮುಗಿದ ಮೇಲೆ ಕಪ್ಪು ಚಹಾ ಕೊಟ್ಟು ದೊಡ್ಡ ದೊಡ್ಡ ಪುಸ್ತಕಗಳನ್ನು ತೆರೆದು ತೋರಿಸುತ್ತಿದ್ದರು. ಅವರ ದೇಶದ ಹಳೆಯ ಕಲಾವಿದರು ಬರೆದ ಗ್ರೀಸು, ರೋಮು. ಅಮೃತಶಿಲೆಯ ಮೆಟ್ಟಿಲು, ಅದರ ಕೆಳಗೆ ನೀಲಿ ಹಸಿರು ಸಮುದ್ರ, ಮರದೆಲೆಗಳ ನಡುವಿನಿಂದ ಬಿಳಿ ಬಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದ ಬಿಸಿಲು, ನೀರಿನ ಹೂಜಿ ಹಿಡಿದ ಹುಡುಗಿ, ಹೂದಾನಿ ಮಾರುವ ವ್ಯಾಪಾರಿ. ಸಮುದ್ರವೇ ಹೆಪ್ಪುಗಟ್ಟುವ ಊರಿನವರು ಇದನ್ನೆಲ್ಲ ತಮ್ಮ ಮನೆಯ ಹಿತ್ತಲಿನಂತೆ ಬರೆದಿದ್ದರು. ಹೇಗೆ ಎಂದರೆ, ಮೊದಲು ಪ್ಲಾಸ್ಟರ್, ಆಮೇಲೆ ಆ ಪ್ಲಾಸ್ಟರ್‌ನ ಹಾಗೇ ನಿಂತ ಜೀವಂತ ಮನುಷ್ಯ, ಆಮೇಲೆ ಚಿನ್ನದ ಪದಕ, ಪದಕ ಸಿಕ್ಕಿದವರಿಗೆ ರೋಮಿನ ಪ್ರಯಾಣ. ಅಲ್ಲಿ ಬಿಸಿಲು ಕಂಡು ಹುಚ್ಚು ಹಿಡಿದವರಂತೆ ಬರೆದಿದ್ದಾರೆ. ರಷ್ಯಾದ್ದು ಎಂದು ನೋಡಿದ ಕೂಡಲೇ ಯಾರಿಗೂ ಗೊತ್ತಾಗದ ಚಿತ್ರಗಳು. ಆದರೂ ಅವರ ಮ್ಯೂಸಿಯಮ್ಮುಗಳಲ್ಲಿ ಅವು ಅವರದ್ದಾಗಿಯೇ ತೂಗುತ್ತಿವೆ. ಯಾವ ಸಂಘದ ಕಾರ್ಯದರ್ಶಿಯೂ ಬಂದು ತೆಗೆಸಿಲ್ಲ.

ಟೀಚರ್ ಇನ್ನೊಂದು ಕಥೆಯನ್ನೂ ಆಗಾಗ ಹೇಳುತ್ತಿದ್ದರು. ಆ ಅಕಾಡೆಮಿಯಲ್ಲಿ ಪದಕದ ಸ್ಪರ್ಧೆಗೆ ವಿಷಯವನ್ನು ಮೇಲಿನವರೇ ಕೊಡುವುದು. ಒಂದು ವರ್ಷ ಪುರಾಣದ ದೇವರುಗಳ ಔತಣ ಬರೆಯಿರಿ ಎಂದರು. ಒಂದಷ್ಟು ವಿದ್ಯಾರ್ಥಿಗಳು ಎದ್ದು ನಿಂತು, ನಮಗೆ ಬೇಕಾದ್ದನ್ನು ನಾವೇ ಆರಿಸುತ್ತೇವೆ, ಇಲ್ಲದಿದ್ದರೆ ಬರೆಯುವುದಿಲ್ಲ ಎಂದರು. ಪದಕವೂ ಬೇಡ, ರೋಮೂ ಬೇಡ ಎಂದು ಎದ್ದು ಹೊರಟೇ ಹೋದರು. ತಮ್ಮ ಹಳ್ಳಿ, ತಮ್ಮ ಜನ, ತಮ್ಮ ಕೆಸರು ಬರೆದು ಬದುಕಿದರು. ಇದನ್ನು ಹೇಳುವಾಗ ಟೀಚರ ಬೆನ್ನು ನೆಟ್ಟಗಾಗುತ್ತಿತ್ತು.

ನಾನು ನಮ್ಮ ಕಾರ್ಯದರ್ಶಿಯವರು ಕೊಟ್ಟ ವಿಷಯದ ಬಗ್ಗೆ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಅವರು ಹಳೆಯ ದೇವರು ಬೇಡ, ನಮ್ಮ ಹಳ್ಳಿ ಬೇಕು ಎಂದು ಎದ್ದು ಹೋದರು. ನೀನು ಹಳ್ಳಿ ಬೇಡ, ಗ್ರೀಕರು ಬೇಕು ಎಂದು ಎದ್ದು ಹೋಗು. ಬಾಗಿಲು ಎರಡಕ್ಕೂ ಒಂದೇ.”

ಆ ಮಾತು ನನಗೆ ಸಾಕಾಯಿತು. ಆ ಕ್ಷಣವೇ ತೀರ್ಮಾನಿಸಿದೆ, ರಾಜ್ಯೋತ್ಸವದ ಹಾಲ್‌ನಲ್ಲಿ ನಾನು ಬರೆದ ಗ್ರೀಕ್ ಚಿತ್ರ ತೂಗಬೇಕು, ನಾನಿಟ್ಟ ಹೆಸರಿನಲ್ಲೇ ತೂಗಬೇಕು.

ಆದರೆ ಯಾವ ಚಿತ್ರ? ಟೀಚರ ಪುಸ್ತಕಗಳನ್ನು ಇನ್ನೊಮ್ಮೆ ಮೊದಲಿಂದ ಕೊನೆಯವರೆಗೆ ತಿರುವಿ ಹಾಕಿದೆ. ಮಧ್ಯದಲ್ಲಿ ಯಾವಾಗಲೂ ಹದಿನೆಂಟರ ಹುಡುಗಿ. ಮುದುಕಿಯರು ಇಲ್ಲವೆಂದಲ್ಲ. ಇದ್ದಾರೆ, ಮೂಲೆಯಲ್ಲಿ. ಒಬ್ಬಳು ದಾಸಿ, ಒಬ್ಬಳು ಸೂಲಗಿತ್ತಿ, ಒಬ್ಬಳು ಭವಿಷ್ಯ ಹೇಳುವವಳು. ಎಲ್ಲರೂ ಬೆನ್ನು ಬಾಗಿಸಿ ನೆರಳಲ್ಲಿ ಕೂತವರು. ಅಷ್ಟು ದಪ್ಪ ಪುಸ್ತಕದಲ್ಲಿ ಒಬ್ಬ ಮುದುಕಿಯ ಮುಖಕ್ಕೂ ಸರಿಯಾಗಿ ಬಿಸಿಲು ಬಿದ್ದಿರಲಿಲ್ಲ.

“ನಾನು ಮುದುಕಿಯನ್ನು ಮಧ್ಯದಲ್ಲಿ ಕೂರಿಸುತ್ತೇನೆ,” ಎಂದೆ.

ಈಗ ಟೀಚರಿಗೆ ನಗು ಬರಲಿಲ್ಲ. ಅವರೊಳಗಿನ ಅಕಾಡೆಮಿ ಎದ್ದು ಕೂತಿತು. ಮಧ್ಯದ ಜಾಗ ಎಂದರೆ ಸಣ್ಣದಲ್ಲ, ಅಲ್ಲಿ ಸೌಂದರ್ಯ ಇರಬೇಕು, ಮುದುಕಿ ಅದನ್ನು ತುಂಬಲಾರಳು ಎಂದರು.

“ನೀವು ನನ್ನ ಅತ್ತೆಯನ್ನು ನೋಡಿಲ್ಲ,” ಎಂದೆ.

ಚಿತ್ರದ ಹೆಸರು ಮಾತ್ರ ನನಗೆ ಮೊದಲೇ ಗೊತ್ತಿತ್ತು. ಇಲ್ಲಿನ ಮ್ಯೂಸಿಯಮ್ಮಿನಲ್ಲಿ ಹಳೆಯ ಸಮಾಧಿಗಳ ಕಲ್ಲುಗಳಿವೆ. ಗ್ರೀಕರು ಈ ದ್ವೀಪವನ್ನು ಟೈಲೋಸ್ ಎಂದು ಕರೆಯುತ್ತಿದ್ದ ಕಾಲದವು. ಕಲ್ಲಿನಲ್ಲಿ ಕೆತ್ತಿದ ಗಂಡಸರು, ಹೆಂಗಸರು ನೇರವಾಗಿ ನಮ್ಮನ್ನೇ ನೋಡುತ್ತಾ ನಿಂತಿದ್ದಾರೆ, ಕೆಲವರು ಒಂದು ಅಂಗೈ ಎತ್ತಿ. ಮಕ್ಕಳು ಚಿಕ್ಕವರಿದ್ದಾಗ ಶಾಲೆಯ ಪ್ರಾಜೆಕ್ಟಿಗೆಂದು ಎಷ್ಟು ಸಲ ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೋ. ಅಂದರೆ ನನ್ನ ಗ್ರೀಕಳನ್ನು ನಾನು ದೂರದಿಂದ ಸಾಲ ತರಬೇಕಾಗಿರಲಿಲ್ಲ. ನಮ್ಮ ನಾಡು ಎಂದು ಕಾರ್ಯದರ್ಶಿಯವರು ಹೇಳಿದರಲ್ಲ, ಅರ್ಧಕ್ಕಿಂತ ಹೆಚ್ಚು ಆಯುಷ್ಯ ಕಳೆದ, ಮಕ್ಕಳನ್ನು ಹೆತ್ತ ಈ ನೆಲ ನನ್ನ ನಾಡಲ್ಲವಾದರೆ ಇನ್ನು ಯಾವುದು? ಪಾಸ್‌ಪೋರ್ಟಿನಲ್ಲಿ ಬರೆದದ್ದು ಬೇರೆ ಮಾತು.

ಇನ್ನು ಅತ್ತೆ. ಮನೆಯಲ್ಲಿ ನಮ್ಮದು ತುಳು, ನಾನು ಅವರನ್ನು ಮಾಮಿ ಎಂದು ಕರೆಯುವುದು. ಅವರ ತುಳುವನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಗಂಡ ಅವರ ಒಬ್ಬನೇ ಮಗ, ಹಾಗಾಗಿ ಕೆಲವು ವರ್ಷಗಳಿಂದ ನಮ್ಮೊಡನೆ ಸನದ್‌ನ ಮನೆಯಲ್ಲೇ ಇದ್ದಾರೆ. ಬಂದ ಹೊಸತರಲ್ಲೇ ಕೆಳಗಿನ ಕೋಲ್ಡ್ ಸ್ಟೋರ್ ಎನ್ನುವ ದಿನಸಿ ಅಂಗಡಿಯ ಮಲಯಾಳಿಗೆ ತುಳು ಕಲಿಸಿದವರು. ಎತ್ತರದ ಹೆಂಗಸು, ನೆಟ್ಟಗಿನ ಕುತ್ತಿಗೆ, ಕತ್ತರಿಸಿಟ್ಟ ಹಾಗಿರುವ ಮೂಗು, ಬೋಳು ಹಣೆ. ಅಗಲವಾದ ಆ ಹಣೆಯ ಮೇಲೆ ಅಡ್ಡಡ್ಡ ಗೆರೆಗಳು.

“ಮಾಮಿ, ನಿಮ್ಮನ್ನು ಕೂರಿಸಿ ಚಿತ್ರ ಬರೀಬೇಕಿತ್ತು.”

“ನಾನು ಸತ್ತ ಮೇಲೆ ಗೋಡೆಗೆ ಹಾಕ್ಲಿಕ್ಕಾ?”

“ಅಲ್ಲ, ಈಗ ಹಾಕ್ಲಿಕ್ಕೆ. ನೀವು ಗ್ರೀಕ್ ದೇಶದ ಹೆಂಗಸು ಅದ್ರಲ್ಲಿ.”

“ಆ ದೇಶದಲ್ಲಿ ಮುದುಕಿಯರಿಗೆ ಎಂತ ಕೆಲಸ?”

“ಏನೂ ಇಲ್ಲ. ಬಿಸಿಲಲ್ಲಿ ಸುಮ್ಮನೆ ಕೂತ್ಕೊಳ್ಳುದು.”

“ಹಾಗಾದ್ರೆ ಬರ್ತೇನೆ,” ಎಂದರು.

ಚಳಿಗಾಲದಲ್ಲಿ, ಇಲ್ಲಿ ರಜೆಯ ದಿನವಾದ ಶುಕ್ರವಾರಗಳ ಬೆಳಿಗ್ಗೆ ಟೆರೇಸಿನ ಮೇಲೆ ಕೂತೆವು. ನಮ್ಮ ಅಮೃತಶಿಲೆ ಎಂದರೆ ಟೆರೇಸಿನ ಬಿಳಿ ಕಟ್ಟೆ. ಹಿಂದೆ ನೀರಿನ ಟ್ಯಾಂಕು, ಡಿಶ್ ಆಂಟೆನಾ, ಅವನ್ನು ಚಿತ್ರದಿಂದ ಬಿಟ್ಟೆ. ದೂರದಲ್ಲಿ ಸಿತ್ರಾ ಕಡೆಯ ಸಮುದ್ರ ಗೆರೆಯಂತೆ ಕಾಣುತ್ತದೆ, ಅದನ್ನು ಹತ್ತಿರ ತಂದೆ. ಉಡುಪಿಗೆ ಡಬಲ್ ಬೆಡ್ಡಿನ ಬಿಳಿ ಹತ್ತಿ ಬೆಡ್‌ಶೀಟು. ಟೀಚರ್ ಒಂದು ಶುಕ್ರವಾರ ಬಂದು ಅದನ್ನು ಗ್ರೀಕರಂತೆ ಉಡಿಸಿ ಹೋದರು. ಮೊದಲ ಸಲ ಮುಖಾಮುಖಿಯಾದ ಆ ಇಬ್ಬರು ಹೆಂಗಸರಿಗೆ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಟೀಚರ್ ಮಾಮಿಯ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು, ಸುಮಾರು ಹೊತ್ತು ನೋಡಿದರು, ಆಮೇಲೆ ನನ್ನ ಕಡೆ ತಿರುಗಿ, “ಸರಿ, ಮಧ್ಯದಲ್ಲೇ ಕೂರಿಸು,” ಎಂದರು.

ಬಟ್ಟೆಯ ಮಡಿಕೆ ವಾರದಿಂದ ವಾರಕ್ಕೆ ಬದಲಾಗಬಾರದು, ಅದೊಂದು ಫಜೀತಿ. ಮಾಮಿ ಕುಚ್ಚಲಕ್ಕಿ ಗಂಜಿಯಲ್ಲಿ ಬೆಡ್‌ಶೀಟು ಅದ್ದಿ ಒಣಗಿಸಿಕೊಟ್ಟರು. ಮಡಿಕೆ ಕಲ್ಲಿನಂತೆ ನಿಂತಿತು. ಆದರೆ ಒಂದನ್ನು ಮಾತ್ರ ಅವರಿಂದ ಬಿಡಿಸಲು ಆಗಲಿಲ್ಲ. ಟೀಚರೂ ನಾನೂ ಎಷ್ಟು ಸಲ ಸರಿ ಮಾಡಿದರೂ ಬಟ್ಟೆಯ ತುದಿಯನ್ನು ಸೆರಗಿನಂತೆ ಭುಜದ ಮೇಲೆ ಎಳೆದು ಬಿಗಿ ಮಾಡಿಕೊಳ್ಳುತ್ತಿದ್ದರು. ಕೊನೆಗೆ ಅದನ್ನೂ ಹಾಗೇ ಬರೆದೆ.

ಸುಮ್ಮನೆ ಕೂರುವುದು ಅವರಿಗೆ ಅಭ್ಯಾಸವಿಲ್ಲ. ಕೈಗೆ ಬೆಳ್ಳುಳ್ಳಿಯೋ ಬಸಳೆಯೋ ಇಲ್ಲದಿದ್ದರೆ ಬಾಯಿ ನಡೆಯುತ್ತದೆ. ಹಣೆ ಬರೆಯುತ್ತಿದ್ದ ದಿನ ನಾನು ಬಹಳ ಹೊತ್ತು ಅಲ್ಲೇ ನೋಡುತ್ತಿದ್ದೆ. ಅವರಿಗೆ ಗೊತ್ತಾಯಿತು.

“ನನ್ನ ಕುಂಕುಮ ಒರಸಿದ್ದು ನನ್ನ ನಾದಿನಿ,” ಎಂದರು. “ಬಾವಿಕಟ್ಟೆ ಹತ್ರ. ನಾನೇ ತೆಗಿತೇನೆ ಅಂತ ಹೇಳಿದೆ. ಯಾರೂ ಕೇಳ್ಲಿಲ್ಲ. ಇಬ್ಬರು ಕೈ ಹಿಡ್ಕೊಂಡ್ರು, ಅವಳು ಒರಸಿದ್ಲು. ಗಂಡ ಹೋದ್ದಕ್ಕೆ ಅಳು ಬರ್ತಿತ್ತು, ಸರಿ. ಆದ್ರೆ ಆ ಕೈ ಹಿಡಿದದ್ದು ಉಂಟಲ್ಲ, ಅದು ಇವತ್ತಿಗೂ ನನಗೆ ಹೋಗುದಿಲ್ಲ.”

ನಾನು ಕುಂಚ ಕೆಳಗಿಟ್ಟೆ. ಅವರು ಇಲ್ಲಿಗೆ ಬಂದ ಹೊಸತರಲ್ಲಿ ನಾನೊಮ್ಮೆ ಒಂದು ಬೊಟ್ಟಿನ ಪ್ಯಾಕೆಟ್ ತಂದು, ಈಗ ಯಾರು ಕೇಳುತ್ತಾರೆ, ಹಾಕಿಕೊಳ್ಳಿ ಮಾಮಿ ಎಂದಿದ್ದೆ. ಆಗ ಅವರು ಪ್ಯಾಕೆಟ್ಟನ್ನು ನನ್ನ ಕೈಗೇ ಕೊಟ್ಟು, “ಆಗ ಅವರ ಇಷ್ಟ, ಈಗ ನಿನ್ನ ಇಷ್ಟವಾ?” ಎಂದಿದ್ದರು. ಅದರ ಅರ್ಥ ನನಗೆ ಪೂರ್ತಿ ಆದದ್ದು ಟೆರೇಸಿನ ಮೇಲೆ.

“ಬರಿ ಮಾರಾಯ್ತಿ, ಬಿಸಿಲು ಏರ್ತಾ ಉಂಟು,” ಎಂದರು ಅವರು. ಬರೆದೆ. ಆ ಹಣೆಗೆ ಬೆಳಿಗ್ಗೆಯ ಬಿಸಿಲು ನೇರವಾಗಿ ಬೀಳುತ್ತಿತ್ತು. ಇಡೀ ಚಿತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳಕಿರುವ ಜಾಗ ಅದೇ. ಪುಸ್ತಕಗಳಲ್ಲಿ ಅಮೃತಶಿಲೆಗೆ ಕೊಟ್ಟ ಬೆಳಕನ್ನೆಲ್ಲ ನಾನು ಆ ಹಣೆಗೆ ಕೊಟ್ಟೆ.

ಚಳಿಗಾಲ ಮುಗಿದು ಟೆರೇಸು ಹಂಚಿನಂತೆ ಕಾದ ಮೇಲೆ ಉಳಿದದ್ದನ್ನು ಒಳಗೆ ಕೂತು ಮುಗಿಸಿದೆ. ಹಣೆಯೊಂದನ್ನು ಮಾತ್ರ ಎಷ್ಟು ಬರೆದರೂ ತೃಪ್ತಿಯಾಗದೆ ರಾಜ್ಯೋತ್ಸವ ಹತ್ತಿರ ಬಂದಾಗಲೂ ಮತ್ತೆ ಬಣ್ಣ ಹಾಕಿದ್ದೆ. ದಪ್ಪವಾಗಿ ಹಾಕಿದ ಎಣ್ಣೆಬಣ್ಣ ಒಣಗಲು ತಿಂಗಳುಗಟ್ಟಲೆ ಬೇಕು, ಯಾರೂ ಮುಟ್ಟದಂತೆ ನೋಡಿಕೋ ಎಂದು ಟೀಚರ್ ಎಚ್ಚರಿಸಿದ್ದರು. ಚಿತ್ರ ಒಯ್ಯಲು ಕಾರ್ಯದರ್ಶಿಯವರು ತಾವೇ ಮನೆಗೆ ಬಂದರು. ಚಿತ್ರದ ಮುಂದೆ ನಿಂತು ನೋಡಿದರು. ಮಾಮಿ ಒಳಗೆ ಅಡಿಗೆಮನೆಯಲ್ಲಿದ್ದರು. ಬೆಡ್‌ಶೀಟು ಉಟ್ಟು ಸಮುದ್ರದ ಬದಿಯಲ್ಲಿ ಕೂತವರು ಅವರೇ ಎಂದು ಇವರಿಗೆ ಹೊಳೆಯಲಿಲ್ಲ.

“ಚೆಂದ ಉಂಟಕ್ಕಾ. ಯಾರಿದು?”

“ಟೈಲೋಸಿನ ಮುದುಕಿ. ಗ್ರೀಕರ ಕಾಲದ ಬಹ್ರೇನಿನವಳು.”

ಅವರ ಮುಖ ಸಣ್ಣದಾಯಿತು. “ಗ್ರೀಕ್ ಮುದುಕಿ ರಾಜ್ಯೋತ್ಸವಕ್ಕೆ ಎಂತಕ್ಕೆ ಅಕ್ಕಾ? ಒಂದು ಕೆಲಸ ಮಾಡುವ. ನೋಡಿ, ಸೆರಗು ಉಂಟು, ಸಮುದ್ರ ಉಂಟು.” ಅವರು ಪುರಾಣದ ಒಬ್ಬ ಪತಿವ್ರತೆಯ ಹೆಸರು ಹೇಳಿದರು. ಆ ತಾಯಿಯನ್ನು ನಮ್ಮ ಜಗಳಕ್ಕೆ ಎಳೆಯುವ ಮನಸ್ಸಿಲ್ಲ, ಹೆಸರು ಬರೆಯುವುದಿಲ್ಲ. “ಗಂಡನಿಗೆ ಕಾಯ್ತಾ ಕೂತ ಹಾಗೆಯೇ ಕಾಣ್ತದೆ. ಹೆಸರೊಂದು ಹಾಕಿದ್ರೆ ಖಲಾಸ್. ಕಮಿಟಿಯವರು ಮೊದಲ ಬಹುಮಾನವೇ ಕೊಟ್ಟಾರು.”

“ಹೆಸರು ಬದಲಿಸುದಾದ್ರೆ ಚಿತ್ರ ಇಲ್ಲೇ ಇರ್ಲಿ.”

“ಆಯ್ತಾಯ್ತು, ನೀವು ಬಿಸಿ ಆಗ್ಬೇಡಿ,” ಎಂದು ಚಿತ್ರವನ್ನು ಬಣ್ಣಕ್ಕೆ ತಾಗದಂತೆ ಹಳೆಯ ಸೀರೆಯಲ್ಲಿ ಸುತ್ತಿ ಗಾಡಿಗೆ ಹಾಕಿಕೊಂಡು ಹೋದರು.

ಅವರು ಹೋದ ಮೇಲೆ ಮಾಮಿ ಹೊರಗೆ ಬಂದರು. “ಅವರು ಹೇಳಿದ ಹೆಂಗಸು ಗಂಡನಿಗೆ ಕಾಯ್ತಾ ಕೂತವಳಾ?”

“ಹೌದು.”

“ನಾನು ಯಾರಿಗೂ ಕಾಯ್ಲಿಲ್ಲ ಮಾರಾಯ್ತಿ. ನಾನು ಸುಮ್ಮನೆ ಕೂತದ್ದು,” ಎಂದು ಒಲೆಯ ಕಡೆ ಹೋದರು.

ರಾಜ್ಯೋತ್ಸವದ ದಿನ ಹಾಲ್ ಇರುವ ಹೂರಾದಲ್ಲಿ ಪಾರ್ಕಿಂಗ್ ಸಿಗದೆ ಸುತ್ತು ಹಾಕಿ ಹಾಕಿ ಸಾಕಾಗಿ ನಾವು ಹಾಲ್‌ಗೆ ಹೋದಾಗ ಬಾಗಿಲಲ್ಲಿ ಆಗಲೇ ಸಾಲು ಇತ್ತು. ಸೀರೆ ಉಟ್ಟ ಇಬ್ಬರು ಹುಡುಗಿಯರು ತಟ್ಟೆ ಹಿಡಿದು ನಿಂತಿದ್ದರು, ಅರಿಶಿನ, ಕುಂಕುಮ, ಮಲ್ಲಿಗೆಯ ತುಂಡುಗಳು. ಅವರ ಹಿಂದೆ ಎಲ್ಲ ನೋಡಿಕೊಳ್ಳುತ್ತಾ ಕಾರ್ಯದರ್ಶಿಯವರ ಹೆಂಡತಿ. ನಾನು ಕುಂಕುಮ ತೆಗೆದುಕೊಂಡೆ, ಹೂ ಮುಡಿದೆ. ಮಾಮಿಯ ಸರದಿ ಬಂದಾಗ ಹುಡುಗಿ ತಟ್ಟೆ ಮುಂದೆ ಮಾಡಿದಳು, ಕಾರ್ಯದರ್ಶಿಯವರ ಹೆಂಡತಿ ಮೆಲ್ಲಗೆ ಹುಡುಗಿಯ ಮೊಣಕೈ ಮುಟ್ಟಿದರು, ತಟ್ಟೆ ಮಾಮಿಯನ್ನು ದಾಟಿ ಹಿಂದಿನವರ ಕಡೆಗೆ ಹೋಯಿತು. ಮಾಮಿಯ ಪಾಲಿಗೆ ಪನ್ನೀರಿನ ನಾಲ್ಕು ಹನಿ. ಯಾವಾಗಲೂ ಹೀಗೆಯೇ. ಯಾರೂ ಒರಟಾಗಿ ಏನೂ ಮಾಡುವುದಿಲ್ಲ, ಕೈ ಮುಗಿದು ನಗುತ್ತಲೇ ಮಾಡುತ್ತಾರೆ. ಮಾಮಿ ಏನೂ ಆಗದವರಂತೆ ಒಳಗೆ ನಡೆದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಳಗೆ ಸ್ಟ್ಯಾಂಡುಗಳಿಗೆ ತೂಗುಹಾಕಿದ ಚಿತ್ರಗಳು. ಯಕ್ಷಗಾನದ ವೇಷಗಳು, ಮೀನಿನ ಬುಟ್ಟಿಗಳು, ಕಂಬಳದ ಕೋಣಗಳು. ಸುಳ್ಳು ಹೇಳಬಾರದು, ಕೆಲವು ಬಹಳ ಚೆನ್ನಾಗಿದ್ದವು. ಟೀಚರ್ ಮೊದಲೇ ಬಂದು ನಮ್ಮ ಚಿತ್ರದ ಮುಂದೆ ನಿಂತಿದ್ದರು. ನನ್ನನ್ನು ಕಂಡವರೇ ಅದರತ್ತ ಕೈ ತೋರಿಸಿದರು.

ನೋಡಿದೆ. ಟೈಲೋಸಿನ ಮುದುಕಿಯ ಹಣೆಯ ಮಧ್ಯೆ, ನಾನು ಎಲ್ಲಕ್ಕಿಂತ ಹೆಚ್ಚು ಬೆಳಕು ಕೊಟ್ಟಿದ್ದ ಜಾಗದಲ್ಲಿ, ಒಂದು ಸ್ಟಿಕರ್ ಬೊಟ್ಟು. ಮರೂನ್ ಬಣ್ಣದ್ದು, ಮದುವೆಗೆ ಹಾಕುವಷ್ಟು ದೊಡ್ಡದು. ಕೆಳಗಿನ ಕಾರ್ಡಿನಲ್ಲಿ ದುಂಡಗಿನ ಅಕ್ಷರಗಳಲ್ಲಿ ಆ ಪತಿವ್ರತೆಯ ಹೆಸರು.

ನನ್ನ ಗಂಡ ಕಿವಿಯ ಹತ್ತಿರ ಬಂದು, “ಆಮೇಲೆ ಮಾತಾಡುವ, ಎಲ್ರೂ ನೋಡ್ತಾ ಇದ್ದಾರೆ,” ಎಂದರು. ಎಲ್ಲರೂ ನೋಡಬೇಕೆಂದೇ ಚಿತ್ರ ತೂಗುಹಾಕುವುದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಾರ್ಯದರ್ಶಿಯವರ ಹೆಂಡತಿ ನಗುತ್ತಾ ಬಂದರು.

“ನಿಮ್ಮದೇ ಎಲ್ಲಕ್ಕಿಂತ ಚೆಂದ ಅಕ್ಕಾ! ನೀವು ಬೊಟ್ಟು ಬರೀಲಿಕ್ಕೆ ಮರ್ತದ್ದು ಅಲ್ವಾ? ಶುಭ ಕಾರ್ಯಕ್ರಮ, ಹಣೆ ಬೋಳು ಬೋಳು ಕಾಣ್ತಿತ್ತು. ನನ್ನ ಪರ್ಸಿನಲ್ಲಿ ಇತ್ತು, ನಾನೇ ಅಂಟಿಸಿದೆ.”

ಎಣ್ಣೆಬಣ್ಣದ ಚಿತ್ರಕ್ಕೆ ಸ್ಟಿಕರ್ ಬೊಟ್ಟು! ಜಗತ್ತಿನಲ್ಲಿ ಬೇರೆ ಯಾರಿಗೂ ಈ ಬುದ್ಧಿ ಹೊಳೆಯಲಾರದು. ಆಕೆಯ ಮುಖದಲ್ಲಿ ಕೇಡು ಒಂದಿಷ್ಟೂ ಇರಲಿಲ್ಲ, ನನಗೆ ಉಪಕಾರ ಮಾಡಿದ ಸಂತೋಷವಿತ್ತು. ಅದೇ ನನಗೆ ತಡೆಯಲಾಗಲಿಲ್ಲ. ಆದರೆ ನನಗೆ ಮಾತು ಸಿಗುವ ಮೊದಲೇ ಮಾಮಿ ನನ್ನನ್ನು ಪಕ್ಕಕ್ಕೆ ಸರಿಸಿ ಚಿತ್ರದ ಹತ್ತಿರ ಹೋದರು. ಕೈ ಎತ್ತಿದರು. ಬಣ್ಣ ಒಳಗೆ ಇನ್ನೂ ಹಸಿ ಎಂದು ಗೊತ್ತಿದ್ದ ಟೀಚರ್ “ನೋ!” ಎಂದು ಕೂಗಿದರು. ಮಾಮಿ ಉಗುರು ಹಾಕಿ ಬೊಟ್ಟು ಕಿತ್ತರು. ಅದರ ಹಿಂದೆ ಹಣೆಯ ಬಣ್ಣವೂ ಎದ್ದು ಬಂತು.

ಆಮೇಲೆ ಬೊಟ್ಟನ್ನು ಬೆರಳ ತುದಿ ಮೇಲೆ ಇಟ್ಟುಕೊಂಡು ಆ ಹೆಂಗಸಿನ ಕಡೆ ತಿರುಗಿದರು. ಮಾತಾಡಿದ್ದು ಮೆಲ್ಲಗೆ, ಆದರೆ ಸುತ್ತ ನಿಂತವರಿಗೆಲ್ಲ ಕೇಳಿಸಿತು.

“ಬಾಗಿಲಲ್ಲಿ ನನಗೆ ಕೊಡ್ಲಿಕ್ಕೆ ಆಗದ ಕುಂಕುಮ ಒಳಗೆ ನನ್ನ ಪಟಕ್ಕೆ ಎಂತಕ್ಕೆ ಮಗಾ?”

“ಅಯ್ಯೋ, ಇದು ನೀವಾ ಅಮ್ಮ?”

“ಮತ್ತೆ ಯಾರು? ನನಗೆ ಬೇಕು ಅಂತ ಹೇಳುದಲ್ಲ. ಬೇಕಾದ್ರೆ ನಾನೇ ಹಾಕ್ಕೊಳ್ತಿದ್ದೆ, ಇಲ್ಲಿ ಸೊಸೆ ಪ್ಯಾಕೆಟ್ ತಂದು ಕೊಟ್ಟಿದ್ಲು. ನಿಮಗೆ ಬೇಕಾದಾಗ ಒರಸಿ, ಬೇಕಾದಾಗ ಅಂಟಿಸ್ಲಿಕ್ಕೆ ಇದು ನಿಮ್ಮ ಹಣೆಯಾ?”

ಹಾಗೆಂದು ಬಗ್ಗಿ, ಆ ಬೊಟ್ಟನ್ನು ಕಾರ್ಡಿನ ಮೇಲೆ, ಪತಿವ್ರತೆಯ ಹೆಸರಿನ ಪಕ್ಕದಲ್ಲಿ ಒತ್ತಿ ಅಂಟಿಸಿದರು. “ಇವಳಿಗೆ ಇರ್ಲಿ. ಇವಳಿಗೆ ಗಂಡ ಬರ್ಲಿಕ್ಕೆ ಉಂಟು,” ಎಂದು ಕಾರ್ಡನ್ನು ಕಿತ್ತು, ಗಲಾಟೆ ಕೇಳಿ ಓಡಿ ಬಂದಿದ್ದ ಕಾರ್ಯದರ್ಶಿಯವರ ಕೈಗೆ ಕೊಟ್ಟರು. ನಂತರ ನಡೆದು ಹೋಗಿ ಮುಂದಿನ ಸಾಲಿನಲ್ಲಿ, ಅತಿಥಿಗಳಿಗೆಂದು ಬಿಳಿ ಬಟ್ಟೆ ಹೊದಿಸಿದ್ದ ಕುರ್ಚಿಯಲ್ಲಿ ಕೂತರು. ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಕಾರ್ಯದರ್ಶಿಯವರು ನನ್ನ ಬಳಿ ಬಂದು, ವಿಷಯಕ್ಕೆ ಹೊಂದದ ಚಿತ್ರಕ್ಕೆ ಬಹುಮಾನ ಕೊಡಲು ಕಮಿಟಿ ಒಪ್ಪುವುದಿಲ್ಲ ಅಕ್ಕಾ ಎಂದು ತೊದಲಿದರು. ಬೇಡ ಎಂದೆ. ಚಿತ್ರವನ್ನು ಕೆಳಗಿಳಿಸಬೇಕಾದರೆ ಈಗಲೇ ಇಳಿಸಿ, ಆದರೆ ಎಲ್ಲರ ಮುಂದೆ ನೀವೇ ಇಳಿಸಬೇಕು ಎಂದೆ. ಅವರು ಒಮ್ಮೆ ಚಿತ್ರ ನೋಡಿದರು, ಒಮ್ಮೆ ಮುಂದಿನ ಸಾಲು ನೋಡಿದರು. ಹೆಂಡತಿಯ ಕಡೆ ನೋಡಲಿಲ್ಲ. ಆಕೆ ಕಣ್ಣೊರಸಿಕೊಳ್ಳುತ್ತಾ ಬಾಗಿಲ ಕಡೆ ಹೋಗಿಯಾಗಿತ್ತು. ಅವರು ಕಾರ್ಡಿನ ಹಿಂಬದಿ ತಿರುಗಿಸಿ ನನ್ನ ಮುಂದೆ ಹಿಡಿದರು. ಪೆನ್ನಿಗಾಗಿ ಪರ್ಸಿನಲ್ಲಿ ಹುಡುಕಿದೆ, ಕಾಡಿಗೆ ಪೆನ್ಸಿಲ್ ಸಿಕ್ಕಿತು. ಅದರಲ್ಲೇ ಬರೆದೆ: ಟೈಲೋಸಿನ ಮುದುಕಿ. ಕಾರ್ಯಕ್ರಮ ಮುಗಿಯುವವರೆಗೂ ಚಿತ್ರ ಆ ಹೆಸರಿನ ಮೇಲೆಯೇ ತೂಗಿತು. ಜನ ಬಂದರು, ನೋಡಿದರು, ಮುಂದಿನ ಸಾಲಿನಲ್ಲಿ ಕೂತವರ ಮುಖವನ್ನೂ ನೋಡಿ ಹೋದರು. ಕೆಲವರಿಗೆ ಇಷ್ಟವಾಯಿತು, ಕೆಲವರು ಮೂಗು ಮುರಿದರು.

ಈಗ ಆ ಚಿತ್ರ ಸನದ್‌ನ ನಮ್ಮ ಮನೆಯಲ್ಲಿ, ಬಾಗಿಲು ತೆರೆದ ಕೂಡಲೇ ಕಾಣುವ ಗೋಡೆಯಲ್ಲಿದೆ. ಹಣೆಯ ಮಧ್ಯೆ ಒಂದು ದುಂಡಗಿನ ಗುರುತು, ಅಲ್ಲಿ ಬಣ್ಣವಿಲ್ಲ, ಕ್ಯಾನ್ವಾಸಿನ ನೂಲು ಕಾಣುತ್ತದೆ. ಅದನ್ನು ಸರಿಪಡಿಸುವುದು ನನಗೆ ಅರ್ಧ ಗಂಟೆಯ ಕೆಲಸ. ಟೀಚರನ್ನು ಕೇಳಿದರೆ, ನಾನು ಹೇಳುವುದಿಲ್ಲ, ಹಣೆ ಯಾರದ್ದೋ ಅವರನ್ನೇ ಕೇಳು ಎಂದರು.

ಬಣ್ಣ ಕಲಸಿಕೊಂಡು, ಕುಂಚ ಹಿಡಿದುಕೊಂಡೇ ಹೋಗಿ ಕೇಳಿದೆ. ಮಾಮಿ ಬಸಳೆ ಸೋಸುತ್ತಿದ್ದರು.

“ಬೇಡ,” ಎಂದರು. “ಮೊದಲಿನ ಸಲ ತೆಗೆದದ್ದು ಅವರು. ಈ ಸಲ ತೆಗೆದದ್ದು ನಾನು. ಅದು ಕಾಣ್ತಾ ಇರ್ಲಿ.”